ಅಧ್ಯಕ್ಷರಿಗೆ ಬಗ್ಗದ ಡೊಂಕು

ಮನಿಲಾದಲ್ಲಿ ಅಧ್ಯಕ್ಷರು ಬದಲಾದಾಗಲೆಲ್ಲ ನಮ್ಮೂರಿಗೊಬ್ಬ ಹೊಸ ಇಂಜಿನಿಯರ್ ಬಂದು, ರಸ್ತೆ ನೇರವಾಗಲು ಆಲದಂಥ ಬಲೇತೆ ಮರ ಕಡಿಯಬೇಕೆನ್ನುತ್ತಾನೆ. ಮರ ಹೋದರೆ ಅದರ ನೆರಳಲ್ಲಿ ಅಕ್ಕಿಕಡುಬು ಮಾರುವ ಪ್ರಿಮಿತಿವಜ್ಜಿಯ ಬದುಕೂ ಹೋದಂತೆ. ಮೊದಲ ಅಧ್ಯಕ್ಷರು ತೊಟ್ಟಿಲಲ್ಲಿದ್ದಾಗಲೇ ಈಕೆ ಇಲ್ಲಿ ಹಿಟ್ಟು ರುಬ್ಬುತ್ತಿದ್ದಳು.

ಈ ಸಲದವನು ಗರಗಸವನ್ನೇ ತಂದಿದ್ದ.

"ಏಳಜ್ಜೀ, ಅಧ್ಯಕ್ಷರ ಆಜ್ಞೆ."

"ನಾನೇನೋ ಎದ್ದೇನು ಮಗಾ. ಮರದೊಳಗಿನವರನ್ನ ಎಬ್ಬಿಸೋರ್ಯಾರು? ಅವರು ಯಾವ ಅಧ್ಯಕ್ಷನಿಗೂ ಓಟು ಹಾಕಿದವರಲ್ಲ."

ಅವನು ನಗುತ್ತಲೇ ಮರದ ಬಳಿ ಹೋದ. ಯಾರೋ ನಿದ್ದೆಯಲ್ಲಿ ಮಗ್ಗುಲಾದಂತೆ ಎಲೆಗಳು ಅಲುಗಿದವು. ಮರದ ದೈವಗಳ ಮುಂದೆ ಹೇಳಲೆಂದು ತಾಯಿ ಕಲಿಸಿದ ಮಾತು ಅವನ ಬಾಯಿಂದ ತಾನಾಗಿ ಜಾರಿತು: "ತಾಬಿ ತಾಬಿ ಪೊ. ದಾರಿ ಬಿಡಿ ಸ್ವಾಮೀ, ಹಾದುಹೋಗ್ತೀನಿ."

"ಹಾದುಹೋಗ್ತೀನಿ ಅಂದ್ಮೇಲೆ ಹಾದೇ ಹೋಗ್ಬೇಕಪ್ಪ, ಕಡಿಯೋಹಾಗಿಲ್ಲ," ಎಂದಳು ಅಜ್ಜಿ.

ಅವನು ಕಡುಬು ತಿಂದು, ಮರವನ್ನು ಬಳಸಿ ಹಾದುಹೋದ. ಮುಂದಿನ ಅಧ್ಯಕ್ಷರು ಬರುವವರೆಗೆ ನಮ್ಮ ರಸ್ತೆ ಡೊಂಕಾಗಿಯೇ ಮಲಗಿರುತ್ತದೆ.