ಬಿಸಿಲಿಗೆ ಬಿದ್ದ ಚಿಪ್ಪೂ ನೀಲಾಂಬಿಕೆಯ ಟಿಕಳಿಯೂ

ಹಿಂದಿನ ಚಕ್ರವರ್ತಿಗಳು ಗೆದ್ದ ಕಡೆಯಲ್ಲೆಲ್ಲ ಶಾಸನದ ಕಲ್ಲು ನೆಡಿಸುತ್ತಿದ್ದರು. ಕಲ್ಲು ಹೊರುವವರು, ಕೆತ್ತುವವರು, ಹೊಗಳಿ ಬರೆಯುವವರು ಎಲ್ಲ ಸೇರಿ ಅದೊಂದು ದೊಡ್ಡ ಇಲಾಖೆಯೇ ಆಗಿತ್ತು. ಪೀಣ್ಯ ಎರಡನೇ ಹಂತದ ನೀಲಾಂಬಿಕೆ ಅಷ್ಟೂ ಕೆಲಸವನ್ನು ಒಂದು ಟಿಕಳಿಯಲ್ಲಿ ಮುಗಿಸಿದಳು. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ದುಂಡನೆಯ ಸ್ಟಿಕ್ಕರಿಗೆ ಅವಳ ಕುಷ್ಟಗಿ ಕಡೆ ಟಿಕಳಿ ಅನ್ನುತ್ತಾರೆ. ಮುಖ ತೊಳೆಯುವ ಮುಂಚೆ ಅದನ್ನು ಕಿತ್ತು ಎದುರಿಗೆ ಸಿಕ್ಕಿದ್ದಕ್ಕೆ ಅಂಟಿಸುವುದು, ತೊಳೆದ ಮೇಲೆ ಮರೆತು ಹೊಸದೊಂದನ್ನು ಇಟ್ಟುಕೊಳ್ಳುವುದು, ಇದೇ ಅವಳ ದಿಗ್ವಿಜಯದ ಕ್ರಮ. ಉಳಿದ ಹೆಂಗಸರು ಬಚ್ಚಲ ಕನ್ನಡಿಯನ್ನು ಗೆದ್ದು ತೃಪ್ತರಾಗುತ್ತಾರೆ. ನೀಲಾಂಬಿಕೆಗೆ ಕನ್ನಡಿ ಒಂದು ಸಣ್ಣ ಪಾಳೇಪಟ್ಟು.

ಅವಳ ಸಾಮ್ರಾಜ್ಯದ ಒಂದು ಗಡಿ ರಾಜಗೋಪಾಲನಗರದ ಬಾಡಿಗೆ ಮನೆಯ ನೀರಿನ ಡ್ರಮ್ಮು, ಇನ್ನೊಂದು ಗಡಿ ಬಸ್ ಸ್ಟಾಪಿನ ಕಬ್ಬಿಣದ ಕಂಬ. ನಡುವೆ ರಾಜಧಾನಿ, ಅಂದರೆ ಅವಳು ಕೆಲಸ ಮಾಡುವ ದೇವರಾಜ್ ಅವರ ವರ್ಕ್‌ಶಾಪು. ಅಲ್ಲಿ ಕಂಪ್ರೆಸರ್ ಎಂದೋ ಶರಣಾಗಿತ್ತು. ಹಾಜರಿ ಹಾಕುವ ಯಂತ್ರಕ್ಕೆ ಬೆರಳೊತ್ತುವ ಜಾಗ ಬಿಟ್ಟು ಸುತ್ತ ಟಿಕಳಿ. ಬೆಂಕಿ ಆರಿಸುವ ಸಿಲಿಂಡರಿಗೆ ಸಾಲಾಗಿ ಟಿಕಳಿ. ಒಮ್ಮೆ ಸೂಪರ್‌ವೈಸರ್ ಗುರುರಾಜನ ಹೆಲ್ಮೆಟ್ಟಿಗೂ ಒಂದು ಬಿತ್ತು. ಆತ ಅದನ್ನು ಹೊತ್ತುಕೊಂಡು ಯಶವಂತಪುರದವರೆಗೆ ಹೋಗಿ ಬಂದ. ದಾರಿಯಲ್ಲಿ ಯಾರೋ ಕೈ ಮುಗಿದರು ಎಂಬ ಬಗ್ಗೆ ಮಾತ್ರ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಹೆಲ್ಮೆಟ್ ಪ್ರಕರಣದ ಮರುದಿನ ಗುರುರಾಜ್ ಕಡ್ಡಿ ಮುರಿದ ಹಾಗೆ ಹೇಳಿದ. ಗೋಡೆಗೆ ಅಂಟಿಸು, ಡ್ರಮ್ಮಿಗೆ ಅಂಟಿಸು, ಹಿರಿಯಣ್ಣನ ಮೈಮೇಲೆ ಒಂದೇ ಒಂದು ಟಿಕಳಿ ಕಂಡರೂ ಕೈಗೆ ವಾಪಸ್ ಪೊರಕೆ ಬರುತ್ತದೆ.

ಹಿರಿಯಣ್ಣ ಅಂದರೆ ಒಂದು ಸಿಎನ್‌ಸಿ ಲೇತು. ಮನುಷ್ಯನ ಕೈಯಿಲ್ಲದೆ, ತನ್ನೊಳಗೆ ಬರೆದಿಟ್ಟ ಲೆಕ್ಕದ ಪ್ರಕಾರ ಲೋಹ ಕಡೆಯುವ ಯಂತ್ರ. ದೇವರಾಜ್ ಅವರ ಅಪ್ಪ ನಂಜಪ್ಪನವರು ತಮ್ಮ ರಾಗಿ ಹೊಲದಲ್ಲಿ ಶೆಡ್ಡು ಎಬ್ಬಿಸಿದ ಕಾಲಕ್ಕೆ ಬಂದದ್ದು. ಬಂದಾಗ ಅದನ್ನು ನೋಡಲು ಅಕ್ಕಪಕ್ಕದ ಫ್ಯಾಕ್ಟರಿಯವರು ಊಟ ಬಿಟ್ಟು ಬಂದಿದ್ದರಂತೆ. ಈಗ ಅದರ ಬಣ್ಣ ಹೋಗಿದೆ, ಪರದೆ ಹಸಿರಾಗಿ ಮಿಣುಕುತ್ತದೆ, ಚಳಿಗಾಲದಲ್ಲಿ ಎದ್ದೇಳಲು ಕೊಸರಾಡುತ್ತದೆ. ಆದರೂ ಬೋರ್‌ವೆಲ್ ಪಂಪಿನೊಳಗೆ ಕೂರುವ ಬಳೆಯಂಥ ಹಿತ್ತಾಳೆ ಬುಷ್ಷುಗಳನ್ನು ಕಡೆದು ಎಸೆಯುತ್ತಲೇ ಇದೆ. ಇಡೀ ಶೆಡ್ಡಿನ ಅನ್ನ ಅದರಿಂದ.

ನೀಲಾಂಬಿಕೆ ಈ ಶೆಡ್ಡಿಗೆ ಬಂದದ್ದು ಕಸ ಗುಡಿಸಲು. ವರ್ಷಗಟ್ಟಲೆ ಹಿರಿಯಣ್ಣನ ಕಾಲ ಬಳಿ ಬಿದ್ದ ಹಿತ್ತಾಳೆ ಸಿಪ್ಪೆ ಬಳಿದು ಹಾಕಿದಳು. ಹೋದ ಯುಗಾದಿಗೆ ಆಪರೇಟರ್ ಹುಡುಗ ಬೇರೆ ಕಡೆ ಕೆಲಸ ಹಿಡಿದು ಹೋದಾಗ, ದೇವರಾಜ್ ಬೇರೆ ದಾರಿ ಕಾಣದೆ ಅವಳನ್ನೇ ಮಷೀನಿನ ಮುಂದೆ ನಿಲ್ಲಿಸಿದರು. ಕಂಬಿ ಏರಿಸು, ಬಾಗಿಲು ಎಳೆ, ಹಸಿರು ಬಟನ್ ಒತ್ತು. ಅವತ್ತು ಸಂಜೆ ಅವಳು ತನ್ನ ಪೊರಕೆಯನ್ನು ಟಾಯ್ಲೆಟ್ ಹಿಂದಿನ ಮೂಲೆಗೆ ಒರಗಿಸಿ ಬಂದಳು. ಅದರ ಹಿಡಿಗೂ ಒಂದು ಟಿಕಳಿ ಅಂಟಿಸಿದ್ದಳು ಅನ್ನುವವರಿದ್ದಾರೆ. ಆಮೇಲೆ ಆ ಮೂಲೆಯ ಕಡೆ ತಿರುಗಿ ನೋಡಿದವಳಲ್ಲ. ಊರಿಗೆ ಫೋನ್ ಮಾಡಿದಾಗೆಲ್ಲ "ನನ್ನ ಮಷೀನು" ಅನ್ನುತ್ತಿದ್ದಳು.

ಇಷ್ಟರಲ್ಲಿ ಆಯುಧಪೂಜೆ ಬಂತು.

ಪೀಣ್ಯದಲ್ಲಿ ಆಯುಧಪೂಜೆಯ ಬೆಳಿಗ್ಗೆ ಕಬ್ಬಿಣವಾಗಿರುವುದೆಲ್ಲ ಸ್ನಾನ ಮಾಡುತ್ತದೆ. ಈ ಸಲ ಹಿರಿಯಣ್ಣ ಹಿಂದಿನ ರಾತ್ರಿಯೇ ಮಾಡಿಬಿಟ್ಟಿದ್ದ. ಸುರಿದ ಮಳೆಗೆ ಶೀಟು ಸೋರಿ, ಕಂಟ್ರೋಲ್ ಪೆಟ್ಟಿಗೆಯೊಳಗೆ ನೀರಿಳಿದಿತ್ತು. ಗುರುರಾಜ್ ಒಳಗಿನ ಕಾರ್ಡನ್ನು ಹುಷಾರಾಗಿ ಬಿಚ್ಚಿದ. ಅಂಗೈಗಿಂತ ದೊಡ್ಡ ಹಸಿರು ಹಲಗೆ, ಅದರ ಮೇಲೆ ಕಾಲು ಊರಿ ಕೂತ ಕಪ್ಪು ಚಿಪ್ಪುಗಳು. ಅವುಗಳಲ್ಲಿ ನಾಲ್ಕರ ಬೆನ್ನಿಗೆ ಎಣ್ಣೆ ಕುಡಿದು ಹಳದಿಯಾದ ಕಾಗದದ ಚೀಟಿ ಅಂಟಿತ್ತು. ಹಬ್ಬದ ದಿನ ಇದೇನು ಕೊಳೆ ಎಂದು ಗುರುರಾಜ್ ನಾಲ್ಕನ್ನೂ ಉಜ್ಜಿ ಕಿತ್ತ. ಅಡಿಯಲ್ಲಿ ಪುಟ್ಟ ದುಂಡು ಗಾಜು ಫಳಫಳ ಹೊಳೆಯಿತು. ಅವನಿಗೆ ತನ್ನ ಕೆಲಸದ ಮೇಲೆ ಹೆಮ್ಮೆಯಾಯಿತು. ಬಟ್ಟೆಯಲ್ಲಿ ಒತ್ತಿ ಒರೆಸಿ, ಒಳಗಿನ ತೇವವೂ ಆರಲಿ ಎಂದು ಟಾಯ್ಲೆಟ್ ಮೇಲಿನ ಸಣ್ಣ ತಾರಸಿಯಲ್ಲಿ, ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಬಿಸಿಲಿಗಿಟ್ಟ.

ಪೂಜೆಯಾಯಿತು. ಹಿರಿಯಣ್ಣನಿಗೆ ಬಾಳೆಕಂಬ, ಸೇವಂತಿಗೆ ಹಾರ, ಅಷ್ಟಗಲ ಕುಂಕುಮ. ಬೂದುಗುಂಬಳ ಒಡೆಯಿತು. ಪುರಿ, ಬೂಂದಿಯ ಪೊಟ್ಟಣ ಹಿಡಿದು ಎಲ್ಲರೂ ವಾರದ ರಜೆಗೆ ಹೊರಟರು. ನೀಲಾಂಬಿಕೆ ಕುಷ್ಟಗಿ ಬಸ್ ಹತ್ತಿದಳು. ಕಾರ್ಡು ತಾರಸಿಯಲ್ಲೇ ಉಳಿಯಿತು. ಅಕ್ಟೋಬರಿನಲ್ಲಿ ಕರೆಯದಿದ್ದರೂ ಬರುವ ಬೆಂಗಳೂರಿನ ಮಳೆ ಆ ವಾರ ತಾನೂ ರಜೆ ಹಾಕಿತ್ತು. ಸೂರ್ಯ ಒಬ್ಬನೇ ತಪ್ಪದೆ ಡ್ಯೂಟಿಗೆ ಬಂದ.

ರಜೆ ಮುಗಿದು ಬಂದ ಗುರುರಾಜ್ ಕಾರ್ಡು ಮರೆತದ್ದು ನೆನಪಾಗಿ ತಾರಸಿಗೆ ಓಡಿದ. ಕಾರ್ಡು ಇಟ್ಟ ಹಾಗೇ ಇತ್ತು. ಒಂದು ಚಿಪ್ಪಿನ ಮೇಲೆ ಕೆಂಪು ಬೊಟ್ಟು ಕಂಡಿತು. ಯಾರೋ ಇದಕ್ಕೂ ಪೂಜೆ ಮಾಡಿದ್ದಾರೆ, ಒಳ್ಳೆಯದೇ ಆಯಿತು ಅಂದುಕೊಂಡ. ಹಬ್ಬ ಕಳೆದ ವಾರದಲ್ಲಿ ಯಂತ್ರದ ಮೇಲಿನ ಕುಂಕುಮ ಒರೆಸುವ ಗಂಡು ಪೀಣ್ಯದಲ್ಲಿ ಇನ್ನೂ ಹುಟ್ಟಿಲ್ಲ. ಹಾಗೇ ತಂದು ಸಿಕ್ಕಿಸಿದ.

ನೀಲಾಂಬಿಕೆ ಹಸಿರು ಬಟನ್ ಒತ್ತಿದಳು. ಹಿರಿಯಣ್ಣ ಏಳಲಿಲ್ಲ. ಪರದೆಯ ತುಂಬ ಒಂದೇ ಅಕ್ಷರ, ಸಾಲು ಸಾಲಾಗಿ. ಮತ್ತೆ ಒತ್ತಿದಳು. ಅದೇ ಅಕ್ಷರ.

ಮೂರು ದಿನ ಬಂದ ಮೆಕ್ಯಾನಿಕ್ಕುಗಳೆಲ್ಲ ತಲೆ ಆಡಿಸಿ ಟೀ ಕುಡಿದು ಹೋದರು. ದೇವರಾಜ್ ಅವರಿಗೆ ಬಹಳ ದಿನದಿಂದ ಒಂದು ಆನ್‌ಲೈನ್ ಕಂಪನಿಯವರು ದುಂಬಾಲು ಬಿದ್ದಿದ್ದರು: ಮಷೀನು ಗುಜರಿಗೆ ಹಾಕಿ, ಶೆಡ್ಡನ್ನು ನಮಗೆ ಗೋದಾಮಿಗೆ ಕೊಡಿ, ಕೂತು ಬಾಡಿಗೆ ತಿನ್ನಿ. ದೇವರಾಜ್ ಇಲ್ಲಿತನಕ ಅಪ್ಪನ ಮುಖ ನೋಡಿ ಬೇಡ ಅಂದಿದ್ದರು. ಈಗ ಎಲ್ಲರನ್ನೂ ನಿಲ್ಲಿಸಿಕೊಂಡು, ಶನಿವಾರದೊಳಗೆ ಇದು ತಿರುಗದಿದ್ದರೆ ಹೂಂ ಅಂತೀನಿ ಎಂದರು. ಗೋದಾಮಿನವರು ಗುಡಿಸಲು ಒಬ್ಬರನ್ನು ಇಟ್ಟುಕೊಳ್ಳುತ್ತಾರಂತೆ ಎಂದು ಸಮಾಧಾನಕ್ಕೆ ಸೇರಿಸಿದರು. ನೀಲಾಂಬಿಕೆ ಅವತ್ತು ಮೊದಲ ಸಲ ಟಾಯ್ಲೆಟ್ ಹಿಂದಿನ ಮೂಲೆಯ ಕಡೆ ತಿರುಗಿ ನೋಡಿದಳು. ಪೊರಕೆ ಅಲ್ಲೇ ನಿಂತಿತ್ತು.

ಶನಿವಾರ ಬೆಳಿಗ್ಗೆ ಇಬ್ಬರು ಬಂದರು. ಒಬ್ಬಳು ಯಮುನಾ, ದೇವರಾಜ್ ಅವರ ಅಕ್ಕನ ಮಗಳು, ವೈಟ್‌ಫೀಲ್ಡಿನಲ್ಲಿ ಚಿಪ್ ಡಿಸೈನ್ ಇಂಜಿನಿಯರ್. ಚಿಪ್ ಕೆಟ್ಟಿದೆ ಅಂದರೆ ಚಿಪ್ ಮಾಡುವವಳನ್ನೇ ಕರೆಯಬೇಕು ಎಂಬುದು ಮಾಮನ ತರ್ಕ. ಯಮುನಾ ಮೆಟ್ರೋ ಬದಲಿಸಿ ಊರಿನ ಆ ತುದಿಯಿಂದ ಈ ತುದಿಗೆ ಬಂದವಳು, ಕಾರ್ಡನ್ನು ಕಂಡು ಹಳೇ ದೇವಸ್ಥಾನಕ್ಕೆ ಬಂದ ಹಾಗೆ ನಿಂತುಬಿಟ್ಟಳು. ಹನ್ನೊಂದು ವರ್ಷದಿಂದ ಚಿಪ್ ಮಾಡುತ್ತಿದ್ದೇನೆ, ಎಲ್ಲ ಪರದೆಯ ಮೇಲೆ, ಕೈಯಲ್ಲಿ ಹಿಡಿದು ನೋಡಿದ್ದು ಕಮ್ಮಿ, ಇಂಥದ್ದನ್ನಂತೂ ಕಾಲೇಜಿನ ಪುಸ್ತಕದ ಚಿತ್ರದಲ್ಲಷ್ಟೇ ಕಂಡದ್ದು ಎಂದಳು. ಆಮೇಲೆ ತಾನೇ ಫೋನ್ ಮಾಡಿ ಕೇಳಿ ವಿಚಾರಿಸಿ ಪತ್ತೆ ಹಚ್ಚಿ ಕರೆತಂದ ಲಕ್ಷ್ಮಣಪ್ಪನವರಿಗೆ ಜಾಗ ಬಿಟ್ಟಳು.

ಲಕ್ಷ್ಮಣಪ್ಪನವರು ಹಳೇ ಕಾರ್ಡುಗಳ ಡಾಕ್ಟರು. ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ, ಪ್ರಾಯದಲ್ಲಿ ಜೊತೆಗಿದ್ದ ಚಿಪ್ಪುಗಳನ್ನು ಇನ್ನೂ ಬಿಟ್ಟಿಲ್ಲ. ಗಾಜು ಹೊಳೆಯುವುದನ್ನು ನೋಡಿದ ಕೂಡಲೇ ಅವರು ಕೇಳಿದ್ದು ಒಂದೇ: ಇದರ ಮೇಲಿದ್ದ ಚೀಟಿ ಎಲ್ಲಿ?

ಗುರುರಾಜ್ ಹೆಮ್ಮೆಯಿಂದಲೇ ಹೇಳಿದ. ಎಲ್ಲಿಟ್ಟಿದ್ದ, ಎಷ್ಟು ದಿನ ಇಟ್ಟಿದ್ದ ಎಂಬುದನ್ನೂ ಹೇಳಿದ. ಹೇಳುತ್ತ ಹೇಳುತ್ತ ಲಕ್ಷ್ಮಣಪ್ಪನವರ ಮುಖ ನೋಡಿ ದನಿ ತಗ್ಗಿಸಿದ.

ಅವರು ಬೈಯಲಿಲ್ಲ, ಕಥೆ ಹೇಳಿದರು. ಆದಿಯಲ್ಲಿ ಚಿಪ್ಪಿಗೆ ಒಂದು ಸಲ ಬರೆದರೆ ಮುಗಿಯಿತು, ತಪ್ಪಾದರೆ ಕಸದ ಬುಟ್ಟಿ. ಆಮೇಲೆ ಯಾರೋ ಪುಣ್ಯಾತ್ಮರು ಅದರ ಬೆನ್ನಿಗೆ ಗಾಜಿನ ಕಿಟಕಿ ಇಟ್ಟರು. ಆ ಕಿಟಕಿಯಿಂದ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟರೆ ಬರೆದದ್ದು ಅಳಿಸುತ್ತದೆ, ಸ್ಲೇಟಿನ ಹಾಗೆ ಮತ್ತೆ ಬರೆಯಬಹುದು. ಬರೆದಾದ ಮೇಲೆ ಚೀಟಿ ಅಂಟಿಸಿ ಕಿಟಕಿ ಮುಚ್ಚಬೇಕು, ಯಾಕೆಂದರೆ ಬಿಸಿಲಿನಲ್ಲೂ ಆ ಬೆಳಕು ಚೂರು ಇದೆ, ವಾರ ಇಟ್ಟರೆ ಸಾಕು. ಮುಂದೆ ಕರೆಂಟಿನಿಂದಲೇ ಅಳಿಸುವ ಚಿಪ್ಪು ಬಂತು, ಕಿಟಕಿಗೆ ಕೆಲಸವಿಲ್ಲದಾಯಿತು. ಈಗ ನಿಮ್ಮ ಫೋನಿನಲ್ಲಿ ಫೋಟೋ ಕೂಡಿಡುವುದು ಅದರ ಮೊಮ್ಮಕ್ಕಳು. "ನಾವು ಕಿಟಕಿ ಕಾಲದವರು," ಎಂದು ನಿಟ್ಟುಸಿರುಬಿಟ್ಟರು.

ಮೂರು ಚಿಪ್ಪು ಹೋಗಿದ್ದರೂ ಭಯವಿಲ್ಲ ಎಂದರು. ಅವುಗಳಲ್ಲಿದ್ದದ್ದು ಈ ಜಾತಿಯ ಮಷೀನುಗಳಿಗೆಲ್ಲ ಒಂದೇ, ನಕಲು ಅವರ ಹತ್ತಿರ ಇದೆ. ನಾಲ್ಕನೆಯದರಲ್ಲಿ ಮಾತ್ರ ಈ ಹಿರಿಯಣ್ಣ ಒಬ್ಬನ ಅಳತೆ, ಹದ, ಅಂಕುಡೊಂಕು ಎಲ್ಲ ಬರೆದಿದೆ. ಬರೆದ ಕಂಪನಿ ಬಾಗಿಲು ಹಾಕಿ ಹೋಗಿದೆ. ಅದು ಅಳಿಸಿದ್ದರೆ ಮಷೀನು ಗುಜರಿಗೇ.

ಒಂದೊಂದಾಗಿ ಕಿತ್ತು, ಚಿಪ್ಪು ಓದುವ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರು. ಮೊದಲನೆಯದು ಖಾಲಿ. ಎರಡನೆಯದೂ ಮೂರನೆಯದೂ ಖಾಲಿ. ನಾಲ್ಕನೆಯದನ್ನು ಕಿತ್ತು ಕನ್ನಡಕ ಏರಿಸಿದರು.

"ಇದಕ್ಕೇನ್ರೀ ಇದು, ಟಿಕ್ಕಿ ಅಂಟಿದೆ?"

ಗುರುರಾಜ್ ಬಗ್ಗಿ ನೋಡಿದ. ಕುಂಕುಮವಲ್ಲ. ಮೆರೂನ್ ಬಣ್ಣ, ಮಖಮಲ್ಲಿನ ಮೈ. ಶೆಡ್ಡಿನಲ್ಲಿ ಎಲ್ಲರ ಕಣ್ಣೂ ಒಂದೇ ಹಣೆಯ ಕಡೆ ತಿರುಗಿತು. ನೀಲಾಂಬಿಕೆಗೆ ಆಗ ನೆನಪಾಯಿತು. ಪೂಜೆಯ ದಿನ ಮುಖ ತೊಳೆಯಲು ತಾರಸಿಗೆ ಹೋದದ್ದು, ಆಮೇಲೆ ಪೂಜಾರಿ ಕುಂಕುಮ ಇಟ್ಟದ್ದು, ಟಿಕಳಿ ಎಲ್ಲಿ ಹೋಯಿತೆಂದು ಯೋಚಿಸದೆ ಊರಿಗೆ ಹೋದದ್ದು. ತನ್ನ ಅಂಟಿನಿಂದಲೇ ಮಷೀನು ಸತ್ತಿತು ಎಂದು ಅವಳು ತೀರ್ಮಾನಿಸಿದಳು. ಶೆಡ್ಡಿನವರೂ ಹಾಗೇ ತೀರ್ಮಾನಿಸಿದರು. ಅವಳು ಸೆರಗಿನಿಂದ ಹಣೆಯ ಟಿಕಳಿ ಮರೆ ಮಾಡಿಕೊಂಡು ಗೋಡೆಗೆ ಒತ್ತಿ ನಿಂತಳು.

"ಹೇಳಿರ್ಲಿಲ್ವೇನಮ್ಮಾ ನಾನು?" ಎಂದ ಗುರುರಾಜ್. ದನಿಯಲ್ಲಿ ಸಿಟ್ಟಿಗಿಂತ, ತಪ್ಪು ಹೊರಲು ಇನ್ನೊಬ್ಬರು ಸಿಕ್ಕ ನೆಮ್ಮದಿಯೇ ಹೆಚ್ಚಿತ್ತು.

ಲಕ್ಷ್ಮಣಪ್ಪನವರು ಟಿಕಳಿ ಕೀಳಲು ಬಂದ ಗುರುರಾಜನ ಕೈ ತಡೆದು, ಹಾಗೇ ಪೆಟ್ಟಿಗೆಗೆ ಸಿಕ್ಕಿಸಿದರು. ಪರದೆಯ ಮೇಲೆ ಅಂಕಿಗಳು ಹರಿಯತೊಡಗಿದವು. ಒಂದರ ಹಾಗೆ ಒಂದಿಲ್ಲದ, ತುಂಬಿ ತುಳುಕುವ ಅಂಕಿಗಳು. ಅವರು ಕೊನೆಯವರೆಗೆ ನೋಡಿದರು, ಮತ್ತೊಮ್ಮೆ ಓದಿಸಿದರು, ಕನ್ನಡಕ ತೆಗೆದು ಒರೆಸಿದರು.

"ಒಂದಕ್ಷರ ಹೋಗಿಲ್ಲ ಕಣಮ್ಮ," ಎಂದರು ನೀಲಾಂಬಿಕೆಗೆ. "ನಿನ್ನ ಬೊಟ್ಟು ಕಿಟಕಿ ಮುಚ್ಚಿಕೊಂಡು ಕೂತಿತ್ತು."

ಆಮೇಲಿನದೆಲ್ಲ ಹಬ್ಬ. ಅವರು ಆ ಅಂಕಿಗಳನ್ನು ಕಿಟಕಿಯಿಲ್ಲದ ಹೊಸ ಚಿಪ್ಪಿಗೆ ಇಳಿಸಿದರು, ಉಳಿದ ಮೂರಕ್ಕೂ ಬರೆದರು. ಮಧ್ಯಾಹ್ನ ನೀಲಾಂಬಿಕೆ ಹಸಿರು ಬಟನ್ ಒತ್ತಿದಾಗ ಹಿರಿಯಣ್ಣ ಒಂದು ಸಲ ಗೊಣಗಿ, ಮೈ ಕೊಡವಿ, ತಿರುಗಿಯೇಬಿಟ್ಟ. ಮೊದಲ ಬುಷ್ಷು ಬಿಸಿಬಿಸಿಯಾಗಿ ಟ್ರೇಗೆ ಬಿತ್ತು. ದೇವರಾಜ್ ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು, ಬೆರಳು ಸುಟ್ಟಿದ್ದು ಆಮೇಲೆ ಗೊತ್ತಾಯಿತು. ಗೋದಾಮಿನವರ ಫೋನು ಬಂತು, ಅವರು ತೆಗೆಯಲಿಲ್ಲ. ಗುರುರಾಜ್ ಹೋಗಿ ಟಾಯ್ಲೆಟ್ ಹಿಂದಿನ ಪೊರಕೆ ತಂದು, ಯಾರೂ ಹೇಳದೆ ತಾನೇ ನೆಲ ಗುಡಿಸಿದ.

ಟೀ ಬಂತು. ದೇವರಾಜ್ ಅಕ್ಕನ ಮಗಳನ್ನು ಕೇಳಿದರು, ಕಿಟಕಿ ಹೋಯಿತು ಸರಿ, ಮುಂದೇನು? ಯಮುನಾ ಹೇಳಿದಳು: ಈಗ ಉಗುರಗಲದ ಚಿಪ್ಪಿನೊಳಗೆ ಭೂಮಿಯ ಮೇಲಿನ ಜನಕ್ಕಿಂತ ಹೆಚ್ಚು ಸ್ವಿಚ್ಚುಗಳಿವೆ, ಅಗಲದಲ್ಲಿ ಇನ್ನು ಜಾಗವಿಲ್ಲ, ಆದ್ದರಿಂದ ಚಿಪ್ಪಿನ ಮೇಲೆ ಚಿಪ್ಪು ಕಟ್ಟುತ್ತ ಹೋಗುತ್ತಿದ್ದೇವೆ.

"ನಮ್ಮ ರಾಜಗೋಪಾಲನಗರದ ಥರಾನೇ," ಎಂದರು ದೇವರಾಜ್. ಅಲ್ಲಿ ಅವರದೂ ಒಂದು ಕಟ್ಟಡವಿದೆ.

"ಹೂಂ ಮಾಮ. ಮೇಲೆ ಮೇಲೆ ಕಟ್ಟಿದಷ್ಟೂ ಒಳಗೆ ಸೆಖೆ, ಅದೇ ದೊಡ್ಡ ತಲೆನೋವು."

"ನನ್ನ ಬಾಡಿಗೆಯವರೂ ಅದೇ ಹೇಳ್ತಾರೆ. ನಾನು ಕಿಟಕಿ ತೆಗೀರಿ ಅಂತೀನಿ."

ಚಿಪ್ಪಿನ ಭವಿಷ್ಯ ಅಲ್ಲಿಗೆ ಇತ್ಯರ್ಥವಾಯಿತು. ಮಾತು ಮತ್ತೆ ಟಿಕಳಿಗೆ ಬಂತು. ಅಷ್ಟರಲ್ಲಾಗಲೇ ಅದು ಬೆಳೆಯತೊಡಗಿತ್ತು. ನೀಲಾಂಬಿಕೆಗೆ ಮಷೀನಿನ ಜೊತೆ ಏನೋ ಋಣವಿದೆ ಎಂದರು ದೇವರಾಜ್. ಯಂತ್ರದ ಮೂರನೇ ಕಣ್ಣು ಮುಚ್ಚಿದ ತಾಯಿ ಎಂದರು ಪಕ್ಕದ ಶೆಡ್ಡಿನವರು. ಹೆಲ್ಮೆಟ್ಟಿಗೆ ಟಿಕಳಿ ಬಿದ್ದ ದಿನ ತನಗೂ ಲಾರಿಯೊಂದು ಕೂದಲೆಳೆಯಲ್ಲಿ ತಪ್ಪಿತ್ತು ಎಂದು ಗುರುರಾಜ್ ಹೊಸದಾಗಿ ನೆನಪಿಸಿಕೊಂಡ. ಲಕ್ಷ್ಮಣಪ್ಪನವರು ಹಳೇ ಚಿಪ್ಪನ್ನು ಟಿಕಳಿ ಸಮೇತ ದೇವರ ಪಟದ ಮುಂದಿಟ್ಟರು. ಅದರ ಮುಂದೆ ಯಾರೋ ಊದುಬತ್ತಿಯನ್ನೂ ಹಚ್ಚಿದರು. ನೀಲಾಂಬಿಕೆ ಕೆಲಸ ಬಿಟ್ಟು ಬರಲಿಲ್ಲ, ಕಂಬಿ ಏರಿಸುತ್ತ, ಬಾಗಿಲು ಎಳೆಯುತ್ತ, ಬಟನ್ ಒತ್ತುತ್ತ ಇದ್ದಳು. ಮುಖದಲ್ಲಿ ಮಾತ್ರ ಜ್ವರ ಬಿಟ್ಟವರ ಕಳೆ.

ಯಮುನಾ ಹೊರಡುವ ಮುಂಚೆ ಅವಳ ಪಕ್ಕ ಹೋಗಿ ನಿಂತಳು. ಮಷೀನಿನ ಸದ್ದಿನ ಮೇಲೆ ದನಿ ಎತ್ತಿ, ಸುತ್ತಲಿನವರೆಲ್ಲ ಕಿವಿ ನಿಮಿರಿಸುವಂತೆ ಕೇಳಿದಳು.

"ಅಕ್ಕಾ, ನಿಜ ಹೇಳಿ. ಅಷ್ಟು ಚಿಪ್ ಇತ್ತು, ಇಡೀ ತಾರಸಿ ಇತ್ತು. ಸರಿಯಾಗಿ ಆ ಗಾಜಿನ ಮೇಲೇ ಯಾಕೆ ಅಂಟಿಸಿದ್ರಿ? ನಿಮಗೆ ಏನನ್ನಿಸ್ತು ಆಗ?"

ನೀಲಾಂಬಿಕೆ ಬಾಗಿಲು ಎಳೆದಳು, ಬಟನ್ ಒತ್ತಿದಳು, ಕೈ ಒರೆಸಿಕೊಂಡಳು.

"ಮಳಿ ಆಗಿ ಗ್ವಾಡಿ ಎಲ್ಲಾ ಹಸಿ ಇತ್ತರೀ ಮೇಡಮ್ಮರ. ಟಿಕಳಿ ನಿಲ್ಲಲಿಲ್ಲ. ಅದೊಂದು ಒಣಗಿತ್ತು, ಹಚ್ಚಿದೆ."