ಹೆಸರು ಬಿಟ್ಟ ಹಾಡು

ದುರಗೇಶ ಹಾಡು ಕಟ್ಟುತ್ತಿದ್ದುದು ಟೆಂಪೋ ಓಡಿಸುತ್ತಲೇ. ಅಳವಂಡಿಯವನು. ಗಂಗಾವತಿಯ ಗಿರಣಿಗಳಿಂದ ಅಕ್ಕಿ ಚೀಲ ಹೇರಿಕೊಂಡು ಕುಷ್ಟಗಿ, ಯಲಬುರ್ಗಾದ ಅಂಗಡಿಗಳಿಗೆ ಇಳಿಸುತ್ತಿದ್ದ. ರಸ್ತೆ ಕೆಟ್ಟಲ್ಲಿ ಸಾಲು ಗಿಡ್ಡವಾಗುತ್ತಿತ್ತು, ನುಣುಪಾದಲ್ಲಿ ಉದ್ದವಾಗುತ್ತಿತ್ತು. ಅಜ್ಜಿಯ ಬೀಸುವ ಪದದ ಧಾಟಿಯನ್ನು ಅವನು ಗಿಟಾರಿನ ಮೇಲೆ ಎಳೆದರೆ, ಗೆಳೆಯ ರಫೀ ಡ್ರಮ್ಮಿನ ಮೇಲೆ ಹಲಗೆಯ ಪೆಟ್ಟು ಹಾಕುತ್ತಿದ್ದ. ಸುತ್ತಲಿನ ಊರುಗಳಲ್ಲಿ ಇಬ್ಬರೂ ಕಾರ್ಯಕ್ರಮ ಕೊಡುತ್ತಿದ್ದರು.

ಅವನ ಟೆಂಪೋಗೆ ಚೀಲ ಹೇರುತ್ತಿದ್ದ ಹಮಾಲ ಸಣ್ಣಪ್ಪ, ಒಂದು ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರಿನ ಉಗಿ ಪೈಪು ಒಡೆದು, ಮೈ ಬೆಂದು ಸತ್ತ. ಕುಡಿದು ಅಲ್ಲಿ ಹೋಗಿ ಬಿದ್ದಿದ್ದ ಎಂದು ಗಿರಣಿಯವರು ಸುದ್ದಿ ಹಬ್ಬಿಸಿದರು. ಸಣ್ಣಪ್ಪ ಒಂದು ಹನಿಯೂ ಮುಟ್ಟಿದವನಲ್ಲ. ಆ ಸಂಕಟಕ್ಕೆ ದುರಗೇಶ ಹಾಡು ಕಟ್ಟಿದ:

ಅನ್ನದ ಉಗಿಯಾಗ ಯಾರ ಮೈ ಬೆಂದೈತಿ
ತುತ್ತು ಎತ್ತೋ ಮುಂದ ಒಮ್ಮಿ ಕೇಳು
ಹೇಳೋ ಸಣ್ಣಪ್ಪ, ನೀನ ಹೇಳು

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚಿದರು. ಮರುದಿನವೇ ಆ ಗಿರಣಿಯ ಗುಮಾಸ್ತ ಗೋವಿಂದರಾಜ ಟೆಂಪೋದ ಕಿಟಕಿಗೆ ಬಂದು ನಿಂತ.

"ರವಿವಾರ ಕೊಪ್ಪಳದಾಗ ಹಾಡ್ತೀಯಂತಲ್ಲಪಾ. ನಾವೂ ಬರ್ತೀವಿ. ಮುಂದ ಕುಂದರ್ತೀವಿ."

ಅವನು ಬೈಯಲಿಲ್ಲ, ಗದರಲಿಲ್ಲ. ಅದೇ ದುರಗೇಶನನ್ನು ಅಂಜಿಸಿತು. ಹಿಂದೆ ಯಾವ ಬೈಕು ಬಂದರೂ ಕನ್ನಡಿಯಲ್ಲಿ ಮುಖ ಹುಡುಕತೊಡಗಿದ. ಬೆಳಿಗ್ಗೆ ಗಾಡಿಯ ಬ್ರೇಕ್ ತುಳಿದು ತುಳಿದು ನೋಡಿದ. ಸಣ್ಣಪ್ಪನ ಹೆಸರು ಹಾಡಿದರೆ ಗಿರಣಿಯ ಹೆಸರೇ ಹೇಳಿದಂತೆ; ಬಿಟ್ಟರೆ ಅವನ ಹೆಂಡತಿ ಗಾಳೆಮ್ಮನಿಗೆ ಯಾವ ಮುಖ ತೋರಿಸುವುದು? ಅವಳೂ ಬರುವವಳಿದ್ದಳು.

ರವಿವಾರ ಕೊಪ್ಪಳದ ಸಭಾಂಗಣದಲ್ಲಿ ಗೋವಿಂದರಾಜ ಮೊಬೈಲ್ ಎತ್ತಿ ಹಿಡಿದು ಮುಂದೆಯೇ ಕೂತಿದ್ದ. ಹಾಡಿನಲ್ಲಿ ಹೆಸರಿನ ಜಾಗ ಬಂತು. ದುರಗೇಶನ ದನಿ ಹೊರಡಲಿಲ್ಲ. ರಫೀ ಗಾಬರಿಯಾಗಿ ಆ ಖಾಲಿಯನ್ನು ಬರೀ ಪೆಟ್ಟಿನಿಂದ ತುಂಬಿದ.

ಹಿಂದಿನ ಬಾಗಿಲಿನಿಂದ ಜಾರಿಕೊಳ್ಳಬೇಕೆಂದರೆ ಅಲ್ಲಿ ಗಾಳೆಮ್ಮ ನಿಂತಿದ್ದಳು. ದುರಗೇಶ ತಲೆ ತಗ್ಗಿಸಿದ. ಅವಳು ಅವನ ಕೈ ಹಿಡಿದಳು. ಆ ಕೈ ಅವನ ಕೈಗಿಂತ ತಣ್ಣಗಿತ್ತು.

"ಹೆಸರ ಬಿಟ್ಟಿ, ಉಳಿಸಿದಿ ತಮ್ಮಾ. ನನ್ನ ಮಗಳು ಅದ ಗಿರಣಿಗೆ ದುಡಿಯಾಕ ಹೋಗ್ತಾಳ. ಹೆಸರ ಬಂದಿದ್ರ ಅಕಿ ಗತಿ ಏನು? ನೀ ಹಾಡಿ ಮುಗಿಸೋತನಕ ನನ್ನ ಜೀವದಾಗ ಜೀವ ಇದ್ದಿಲ್ಲ."

ಕೈ ಬಿಡದೆಯೇ ಮತ್ತೆ ಅಂದಳು: "ಆದ್ರ ಆಂವ ಕುಡದಿದ್ದಿಲ್ಲ. ಅದೊಂದು ಹಾಡಿನಾಗ ಹ್ಯಾಂಗರ ಬರಲಿ."

ಹೆಸರಿಲ್ಲದೆ ಅದನ್ನು ಹೇಳುವುದು ಹೇಗೆ? ಯಲಬುರ್ಗಾ ದಾರಿಯುದ್ದಕ್ಕೂ ಮಾತು ಹುಡುಕಿದ. ಸಿಕ್ಕಿದ್ದು ಒಂದೇ ಸಾಲು:

ಉಗಿ ಕುಡದು ಬಿದ್ದಾನ ಹೆಂಡ ಮುಟ್ಟದಾಂವ

ಯಲಬುರ್ಗಾದ ಕಾರ್ಯಕ್ರಮದಲ್ಲಿ, ಮತ್ತೆ ಮುಂದೆಯೇ ಬಂದು ಕೂತಿದ್ದ ಗೋವಿಂದರಾಜನ ಎದುರಿಗೇ, ಅದನ್ನು ಹಾಡಿದ. ಗೋವಿಂದರಾಜ ಮೊಬೈಲ್ ಕೆಳಗಿಳಿಸಿ ಎದ್ದು ಹೋದ.

ಆ ಗಿರಣಿಯಿಂದ ದುರಗೇಶನ ಟೆಂಪೋಗೆ ಸಿಗುತ್ತಿದ್ದ ಬಾಡಿಗೆ ಅಲ್ಲಿಗೇ ನಿಂತಿತು. ಗಾಳೆಮ್ಮನ ಮಗಳನ್ನು ಯಾರೂ ಏನೂ ಕೇಳಲಿಲ್ಲ. ದುರಗೇಶ ಈಗ ಕುಷ್ಟಗಿ ಕಡೆ ಬೇರೆ ಮಾಲು ಹೇರುತ್ತಾನೆ, ಹಾಡುವುದನ್ನು ಬಿಟ್ಟಿಲ್ಲ. ಅಂಜಿಕೆಯೂ ಅವನನ್ನು ಬಿಟ್ಟಿಲ್ಲ. ಆ ಸಾಲು ಬಂದಾಗ ಇಂದಿಗೂ ಬಾಗಿಲ ಕಡೆ ನೋಡಿಕೊಂಡೇ ಹಾಡುತ್ತಾನೆ.