ತಾನೇ ಉಣ್ಣುವ ಹುಡುಗಿ

ಸೊರಬದ ಕಡೆಯಿಂದ ಯಾರೇ ಬರಲಿ, ಕಾಡಿನಲ್ಲಿ ಮಂಗಗಳು ಬಿದ್ದು ಸಾಯುತ್ತಿರುವ ಸುದ್ದಿಯನ್ನು ತಪ್ಪದೆ ಹೊತ್ತು ತರುತ್ತಿದ್ದ ಕಾಲ ಅದು. ಕ್ಯಾಸನೂರಿನ ಸುತ್ತಮುತ್ತ ಸೌದೆಗೆ ಹೋದವರು, ದನ ಮೇಯಿಸಲು ಹೋದವರು ಜ್ವರ ಹತ್ತಿ ಮಲಗುತ್ತಿದ್ದರಂತೆ. ಶಿಕಾರಿಪುರ ಸೀಮೆಯಲ್ಲಿ, ತಾಳಗುಂದದ ಹತ್ತಿರವಿದ್ದ ನಮ್ಮ ಹಳ್ಳಿಗೆ ಆ ಜ್ವರ ಬರಲಿಲ್ಲ. ಬಂದದ್ದು ನೀಲಿ. ಇದಕ್ಕಿಂತ ಜ್ವರವೇ ಬಂದಿದ್ದರೆ ವಾಸಿಯಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಜ್ವರ ಬಂದ ಮಗುವಿನ ಪಕ್ಕದಲ್ಲಿ ತಾಯಿಯಾದರೂ ಕೂರುತ್ತಾಳೆ.

ನೀಲಿ ನಮ್ಮ ಚಿಕ್ಕವ್ವನ ಮಗಳು. ಅವ್ವನ ಬೆನ್ನಿಗೆ ಬಿದ್ದ ಈ ತಂಗಿಯನ್ನು ಕ್ಯಾಸನೂರಿನ ಪಕ್ಕದ ಹಳ್ಳಿಗೆ ಕೊಟ್ಟಿತ್ತು. ಸುಗ್ಗಿ ಮುಗಿಯುತ್ತ ಬಂದಾಗ ಚಿಕ್ಕವ್ವನಿಗೂ ಜ್ವರ ಬಂತು. ಚಿಕ್ಕಪ್ಪ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನಮ್ಮ ಮನೆಗೆ ಕರೆತಂದ. ನಾನಾಗ ಎರಡನೇ ಕ್ಲಾಸು. ನೀಲಿ ಇನ್ನೂ ಸ್ಕೂಲಿನ ಮುಖ ಕಂಡವಳಲ್ಲ. ಕಡ್ಡಿಯಂಥ ಕಾಲು, ಎಣ್ಣೆ ಕಾಣದ ತಲೆ, ಮೂಗಿನ ಕೆಳಗೆ ಒಣಗಿದ ಸಿಂಬಳ. ನೋಡಿದ ತಕ್ಷಣವೇ ನನಗೆ ಅವಳು ಸೇರಲಿಲ್ಲ.

"ಅವಳು ಎದ್ದು ಓಡಾಡೋವರೆಗೆ ಇಟ್ಕಳಿ ಅಕ್ಕಾ," ಎಂದ ಚಿಕ್ಕಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು. "ಮಲಗಿದಲ್ಲೇ ಕೂಸು ಉಂಡ್ತಾ, ಕೂಸು ಉಂಡ್ತಾ ಅಂತ ಕೇಳ್ತಾಳೆ. ಅವಳಿಗೆ ಇದೊಂದೇ ಚಿಂತೆ."

"ನೀವು ಬಿಡ್ರಿ, ನಿಶ್ಚಿಂತೆಯಾಗಿ ಹೋಗ್ರಿ," ಎಂದಳು ಅವ್ವ. "ಅವಳು ಬರೋ ಹೊತ್ತಿಗೆ ಈ ಕೂಸಿನ ಗಲ್ಲ ಹಿಂಡಿದ್ರೆ ರಕ್ತ ಬರ್ಬೇಕು, ಹಂಗ್ ಮಾಡಿರ್ತೀನಿ."

ಜ್ವರದಲ್ಲಿ ಮಲಗಿದ ತಂಗಿಗೆ ಕೊಟ್ಟ ಮಾತು ಅದು. ಅಲ್ಲಿಂದ ಮುಂದೆ ಅವ್ವನಿಗೆ ಮನೆಯಲ್ಲಿ ಬೇರೆ ಕೆಲಸ, ಬೇರೆ ಮಗು ಇದೆ ಎಂಬುದೇ ಮರೆತುಹೋಯಿತು.

ನೀಲಿ ಉಣ್ಣುತ್ತಿರಲಿಲ್ಲ. ಬೆಳಿಗ್ಗೆ ಹಾಲು ಹಾಕಿದ ರಾಗಿ ಗಂಜಿ, ಮಧ್ಯಾಹ್ನ ಹೆಸರುಬೇಳೆ ಬೆರೆಸಿ ಹಿಸುಕಿದ ಮೆತ್ತನೆ ಅನ್ನ, ಮೇಲೊಂದು ಮಿಳ್ಳೆ ತುಪ್ಪ. ಸಂಜೆಗೆ ಬೆಲ್ಲ ಕಲಸಿದ ಹುರಿಹಿಟ್ಟು. ಹಾಲು ಕಾಯಿಸಿದ ಪಾತ್ರೆಯ ತಳಕ್ಕೆ ಕಚ್ಚಿದ ಕಂದು ಕೆನೆಯನ್ನು ಚಿಪ್ಪಿನಿಂದ ಕೆರೆದು ತಿನ್ನುವ ಹಕ್ಕು ಅದುವರೆಗೆ ನನ್ನದಾಗಿತ್ತು. ಅದೂ ನೀಲಿಯ ಬಾಯಿಗೆ ಹೋಯಿತು. ಹೋಯಿತು ಅಂದರೆ ಬಾಯಿಯೊಳಗೆ ಹೋಯಿತು ಅಷ್ಟೆ, ಗಂಟಲಿಗೆ ಇಳಿಯಲಿಲ್ಲ. ಅವಳು ಎಲ್ಲವನ್ನೂ ಒಂದು ಕೆನ್ನೆಯಲ್ಲಿ ಒತ್ತರಿಸಿಟ್ಟುಕೊಂಡು, ಅವ್ವ ಆಚೆ ತಿರುಗಿದಾಗ ಮೂಲೆಯಲ್ಲಿ ಉಗಿದುಬಿಡುತ್ತಿದ್ದಳು. ಆ ಕೆನೆ ನೆಲದ ಮೇಲೆ ಬಿದ್ದದ್ದನ್ನು ನೋಡಿ ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಕೆನೆ ಹೋದರೆ ಹೋಗಲಿ. ನನಗೆ ತಡೆಯಲಾಗದಿದ್ದದ್ದು ಅವ್ವನ ಕೈತುತ್ತು. ಅವ್ವ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಿತ್ತಿಲಲ್ಲಿ ತಿರುಗುತ್ತಿದ್ದಳು. "ನೋಡಲ್ಲಿ ಕರು, ಕರುಗೊಂದು ತುತ್ತು. ಕಾಗಿಗೊಂದು ತುತ್ತು. ನಮ್ಮ ನೀಲವ್ವಗೊಂದು ತುತ್ತು." ನನಗೆ ಹೀಗೆ ಉಣ್ಣಿಸಿದ್ದು ನನ್ನ ನೆನಪಿನಲ್ಲೇ ಇರಲಿಲ್ಲ. ಅಕ್ಕಪಕ್ಕದವರು ತಮ್ಮ ಮಕ್ಕಳ ಊಟದ ಗೋಳು ಹೇಳಿಕೊಂಡರೆ ಅವ್ವ ಹೆಮ್ಮೆಯಿಂದ, "ನಮ್ಮ ಗಿರ್ಜೀದು ಆ ಕಾಟ ಇಲ್ಲ ಬಿಡ್ರಿ. ಹಾಕಿಟ್ರೆ ತಾನೇ ಉಣ್ತಾಳೆ," ಎನ್ನುತ್ತಿದ್ದಳು. ನಾನೂ ಬೀಗುತ್ತಿದ್ದೆ. ಎಂಥ ದಡ್ಡಿ ನಾನು! ತಾನೇ ಉಣ್ಣುವ ಮಗುವಿಗೆ ಯಾರೂ ಕರು ತೋರಿಸುವುದಿಲ್ಲ.

ನಾನೂ ಒಂದು ದಿನ ಹಟ ಹಿಡಿದೆ. ತಟ್ಟೆ ದೂಡಿ, "ನಂಗೂ ಬ್ಯಾಡ," ಎಂದೆ.

ಅವ್ವ ನನ್ನ ಕಡೆ ಸರಿಯಾಗಿ ತಿರುಗಲೂ ಇಲ್ಲ. "ಬ್ಯಾಡಾದ್ರೆ ಮುಚ್ಚಿಡು. ಹಸಿವಾದಾಗ ಉಣ್ಣುವಂತೆ."

ಸಂಜೆಯವರೆಗೆ ಕಾದೆ. ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಒಳಗೆ ಹೋಗಿ, ಮುಚ್ಚಿಟ್ಟ ಅನ್ನದ ಜೊತೆಗೆ ಎರಡು ರೊಟ್ಟಿಯನ್ನೂ ತಿಂದು ಬಂದೆ. ಅಳುತ್ತಲೇ ತಿಂದೆ, ಆದರೆ ರುಚಿಯಾಗಿಯೇ ಇತ್ತು. ಉಪವಾಸಕ್ಕೆ ನನ್ನ ಮೈ ಒಗ್ಗಿದ್ದಲ್ಲ.

ನೀಲಿ ಸೊರಗುತ್ತ ಹೋದಳು. ಆಗ ಮಾತೆತ್ತಿದ್ದು ನಮ್ಮ ಅಜ್ಜಿ, ಅಪ್ಪನ ತಾಯಿ.

"ಇದು ದಿಷ್ಟಿ ಕಣೇ," ಎಂದಳು ಅವ್ವನಿಗೆ. "ಬ್ಯಾರೆ ಯಾರ್ದೂ ಅಲ್ಲ, ನಿನ್ನ ಮಗಳದ್ದೇ. ಅದರ ಕಣ್ಣು ನೋಡು, ತುತ್ತು ತುತ್ತಿಗೂ ಬೀಳ್ತೈತೆ. ಹಿಂಗೆ ನೋಡಿದ್ರೆ ಆ ಕೂಸಿನ ಗಂಟ್ಲಾಗೆ ಅನ್ನ ಹೆಂಗ್ ಇಳಿದೀತು?"

ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ನೀಲಿಗೆ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದೇ ಅರ್ಥ. ಅಜ್ಜಿ ಅವ್ವನ ಮುಖ ನೋಡಿದಳು, ಅವ್ವ ನನ್ನ ಮುಖ ನೋಡಿದಳು. ಅವತ್ತಿನಿಂದ ಕಟ್ಟಳೆಯಾಯಿತು: ನೀಲಿಗೆ ಉಣ್ಣಿಸುವಾಗ ನಾನು ಹೊರಗೆ ಜಗಲಿಯ ಮೇಲಿರಬೇಕು. ಅಡಿಗೆಮನೆಯ ಬಾಗಿಲು ಹಾಕಬೇಕು. ಯಾರ ಕಣ್ಣಿಗೂ ಬೀಳದಂತೆ ಅನ್ನದ ಬಟ್ಟಲು ಸೆರಗಿನ ಮರೆಯಲ್ಲಿರಬೇಕು.

ನಾನು ಜಗಲಿಯ ಮೇಲೆ ಎಲ್ಲಿ ಕೂರುತ್ತೇನೆ? ಬಾಗಿಲ ಸಂದಿಗೆ ಕಣ್ಣಿಡುತ್ತಿದ್ದೆ. ಅಜ್ಜಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ನನ್ನ ಕಣ್ಣು ಬೀಳುತ್ತಲೇ ಇತ್ತು. ಅನ್ನ ನನಗೂ ಸಿಗುತ್ತಿತ್ತಲ್ಲ. ಕಣ್ಣು ಬೀಳುತ್ತಿದ್ದದ್ದು ಅವ್ವನ ಬೆರಳುಗಳ ಮೇಲೆ. ಬಿಸಿ ಅನ್ನವನ್ನು ನಾದಿ, ಉಂಡೆ ಮಾಡಿ, ಬಾಯಿಂದ ಉಫ್ ಎಂದು ಊದಿ, ಹೆಬ್ಬೆರಳಿನಿಂದ ಮೆಲ್ಲಗೆ ಬಾಯಿಗೆ ತಳ್ಳುವ ಬೆರಳುಗಳು. ಅವು ನನ್ನವು ಎಂದು ಕಿರುಚಬೇಕು ಅನ್ನಿಸುತ್ತಿತ್ತು.

ಬಾಗಿಲು ಹಾಕಿದ ಮೇಲಂತೂ ನೀಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಅವ್ವ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. "ಅವಳು ಬಂದು ನನ್ನ ಮಗಳೆಲ್ಲಿ ಅಂದ್ರೆ ಈ ಕಡ್ಡೀನ ತೋರಿಸ್ಲಾ?" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು. ಅಜ್ಜಿ ಪಡಸಾಲೆಯಲ್ಲಿ ತೂಕಡಿಸುತ್ತಿದ್ದಳು. ನಾನು ಹಿತ್ತಿಲ ಕಲ್ಲಿನ ಮೇಲೆ ಕೂತು ಅಕ್ಕಿರೊಟ್ಟಿಗೆ ಗುರೆಳ್ಳು ಪುಡಿ, ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದೆ. ನೀಲಿ ಬಂದು ಎದುರಿಗೆ ಕುಕ್ಕರಿಸಿದಳು. ನನ್ನ ತಟ್ಟೆಯನ್ನೇ ನೋಡಿದಳು.

"ನಂದಿದು," ಎಂದೆ.

ಅವಳು ಕೈ ಚಾಚಿ ಒಂದು ಚೂರು ಮುರಿದುಕೊಂಡು ಬಾಯಿಗೆ ಹಾಕಿದಳು. ನಾನು ತಟ್ಟೆ ಎಳೆದುಕೊಂಡೆ. ಅವಳೂ ಎಳೆದಳು. ಅವಳಿಗೆ ಸಿಗಬಾರದೆಂದು ನಾನು ದೊಡ್ಡ ಚೂರನ್ನೇ ಬಾಯಿಗೆ ತುರುಕಿಕೊಂಡೆ. ಅವಳು ಅದಕ್ಕಿಂತ ದೊಡ್ಡದನ್ನು ತುರುಕಿಕೊಂಡಳು. ಪುಡಿಯ ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು. ಇಬ್ಬರೂ ಬಿಡಲೊಲ್ಲೆವು. ರೊಟ್ಟಿ ಮುಗಿದ ಮೇಲೆ ನೀಲಿ ತಟ್ಟೆಗೆ ಹತ್ತಿದ ಬೆಣ್ಣೆಯನ್ನು ಬೆರಳಿನಿಂದ ಬಳಿದು ನೆಕ್ಕಿ ಕೇಳಿದಳು: "ಇನ್ನೊಂದು ಅದೆಯಾ?"

ಹಿಂದೆ ಅಜ್ಜಿ ನಿಂತಿದ್ದಳು. "ಅಯ್ಯ ನಮ್ಮವ್ವಾ! ಇದು ಉಣ್ತೈತಲ್ಲೇ!"

ಕೆರೆಯಿಂದ ಬಂದ ಅವ್ವ ಒದ್ದೆ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಇಳಿಸಿ ನೀಲಿಯ ಮುಂದೆ ಕೂತಳು. "ಯಾಕೆ ನನ ಕೂಸೇ, ನಾನು ಉಣ್ಸಿದ್ರೆ ಯಾಕೆ ಬ್ಯಾಡ?"

"ನೀವು ಬಾಗ್ಲು ಹಾಕ್ತೀರಿ," ಎಂದಳು ನೀಲಿ. "ಒಬ್ಳೇ ಉಣ್ಣದು ಹೆಂಗೆ? ಹೆದ್ರಿಕೆ ಆಗ್ತದೆ."

ಅವರ ಮನೆ ಕೂಡುಕುಟುಂಬ. ಮನೆಯ ಮಕ್ಕಳೆಲ್ಲ ಒಂದೇ ದೊಡ್ಡ ಗಂಗಾಳದ ಸುತ್ತ ಕೂರುತ್ತಿದ್ದರಂತೆ. ಚಿಕ್ಕವ್ವ ನಡುವೆ ಕೂತು ಸುತ್ತು ಹಾಕಿ ಎಲ್ಲರಿಗೂ ತುತ್ತು ಕೊಡುತ್ತಿದ್ದಳಂತೆ. ಯಾರು ಬಾಯಿ ತೆರೆಯಲು ತಡಮಾಡುತ್ತಾರೋ ಅವರ ತುತ್ತು ಪಕ್ಕದವರಿಗೆ. ಹಾಗೆ ಬೆಳೆದ ಮಗುವನ್ನು ನಾವು ದೃಷ್ಟಿಯಾದೀತೆಂದು ಬಾಗಿಲು ಹಾಕಿ, ನೋಡುವವರನ್ನೆಲ್ಲ ಆಚೆಗಟ್ಟಿ ಉಣ್ಣಿಸಲು ಹೋಗಿದ್ದೆವು. ಅಜ್ಜಿ ಎದ್ದುಹೋಗಿ ಗಂಗಾಳ ತೊಳೆದು ತಂದಳು.

ಆ ಸಂಜೆ ನಾವಿಬ್ಬರೂ ಅವ್ವನ ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಅವ್ವ ಅನ್ನ ಕಲಸಿದಳು. ನಾನು ಬಾಯಿ ತೆರೆದೆ. ಮೊದಲ ತುತ್ತು ನೀಲಿಗೆ ಹೋಯಿತು. ಎರಡನೆಯದೂ ಅವಳಿಗೇ ಹೋಯಿತು.

"ನಂಗೆ?" ಎಂದೆ.

"ನೀನು ದೊಡ್ಡೋಳಲ್ಲೇನೆ? ನೀನು ಗಬಗಬ ಅಂತ ಉಂಡು ತೋರ್ಸು. ಅವಳು ನಿನ್ನ ನೋಡ್ಕಂಡು ಉಣ್ಲಿ."

ಹೀಗೆ ನಾನು ಉಂಡು ತೋರಿಸುವ ಹುಡುಗಿಯಾದೆ. ನಾನು ಉಣ್ಣಬೇಕು, ನನ್ನನ್ನು ನೋಡಿ ಅವಳು ಉಣ್ಣಬೇಕು, ಅವಳನ್ನು ನೋಡಿ ಅವ್ವ ನಗಬೇಕು. ನನ್ನ ಲಂಗದ ಲಾಡಿ ಬಿಗಿಯಾಗುತ್ತ ಬಂತು. ನೀಲಿಯ ಗಲ್ಲ ತುಂಬಿತು, ತಲೆಗೆ ಎಣ್ಣೆಯ ಹೊಳಪು ಬಂತು. ರಾತ್ರಿ ಅವ್ವನ ಮಗ್ಗುಲೂ ಅವಳದ್ದೇ. ಊರವರೆಲ್ಲ, "ಏನ್ರೀ, ನಿಮ್ಮ ತಂಗಿ ಮಗಳು ಗೊಂಬೆ ಆಗ್ಯಾಳಲ್ರೀ," ಎನ್ನುವವರೇ. ಗೊಂಬೆಯಾಗಿದ್ದು ಯಾರನ್ನು ನೋಡಿ ಎಂದು ಕೇಳಿದವರಿಲ್ಲ.

ಮಳೆ ಹಿಡಿಯುವ ಮುಂಚೆ ಚಿಕ್ಕವ್ವ ಬಂದಳು. ಗಾಡಿಯಿಂದ ಇಳಿದವಳು ಅವಳೇ ಎಂದು ನನಗೆ ಗುರುತು ಸಿಗಲಿಲ್ಲ. ಮೊಣಕಾಲು ಮುಟ್ಟುತ್ತಿದ್ದ ಜಡೆ ಉದುರಿ ಹಿಡಿಯಷ್ಟಾಗಿತ್ತು. ಸೀರೆ ಗೂಟಕ್ಕೆ ತಗಲಿಸಿದ ಹಾಗೆ ಜೋತಾಡುತ್ತಿತ್ತು. "ನೀಲೂ," ಎಂದು ಕೈ ಚಾಚಿದಳು. ನೀಲಿ ಓಡಿಹೋಗಿ ನಮ್ಮ ಅವ್ವನ ಸೆರಗು ಸುತ್ತಿಕೊಂಡು ನಿಂತಳು.

ಚಿಕ್ಕವ್ವ ಮಗಳ ತುಂಬಿದ ಗಲ್ಲ ನೋಡಿದಳು. ಆಮೇಲೆ ಅವಳ ತಲೆಯ ಮೇಲಿದ್ದ ನಮ್ಮ ಅವ್ವನ ಕೈ ನೋಡಿದಳು. ನಕ್ಕಳು, ಆದರೆ ಆ ನೋಟದಲ್ಲಿ ಇದ್ದದ್ದೇನು ಎಂದು ಆ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ತಿಳಿದಿರಲಾರದು. ಹೊಟ್ಟೆಕಿಚ್ಚು ಮಕ್ಕಳಿಗೆ ಮಾತ್ರ ಬರುತ್ತದೆ ಎಂದುಕೊಂಡಿದ್ದೆ ನಾನು.

ಊಟದ ಹೊತ್ತಿಗೆ ಚಿಕ್ಕವ್ವ, "ಇವತ್ತು ನಾನು ಉಣ್ಣಿಸ್ತೇನೆ ಅಕ್ಕಾ," ಎಂದು ಗಂಗಾಳದ ಮುಂದೆ ಕೂತಳು.

"ದೊಡ್ಡವ್ವ ಉಣ್ಣಿಸ್ಲಿ," ಎಂದಳು ನೀಲಿ.

ಅವ್ವ ತಟ್ಟನೆ ಎದ್ದಳು. "ದನಕ್ಕೆ ನೀರೇ ಇಟ್ಟಿಲ್ಲ ನೋಡು," ಎಂದು ಹಿತ್ತಿಲಿಗೆ ನಡೆದಳು. ದನಕ್ಕೆ ನೀರಿಟ್ಟು ಬಹಳ ಹೊತ್ತಾಗಿತ್ತು.

ನೀಲಿ ತುಟಿ ಬಿಗಿ ಹಿಡಿದಳು. ಚಿಕ್ಕವ್ವ ತುತ್ತು ಹಿಡಿದೇ ಇದ್ದಳು, ಅಗುಳು ಉದುರುತ್ತಿತ್ತು. ಕೊನೆಗೆ ಅವಳು ನನ್ನ ಕಡೆ ತಿರುಗಿದಳು. "ನೀನಾದ್ರೂ ಬಾರೇ ಗಿರ್ಜಿ."

ನಾನು ಬಾಯಿ ತೆರೆದೆ. ಎಷ್ಟು ದೊಡ್ಡದಾಗಿ ತೆರೆದೆನೆಂದರೆ ಚಿಕ್ಕವ್ವನಿಗೆ ನಗು ಬಂತು. ಹೆಸರುಬೇಳೆ ಅನ್ನ, ತುಪ್ಪ, ನಿತ್ಯ ತಿನ್ನುವುದೇ. ಆದರೂ ಅದು ಬೇರೆಯೇ ಊಟ. ಇನ್ನೊಂದು ತುತ್ತು, ಮತ್ತೊಂದು. ನಾನು ನೀಲಿಯ ಕಡೆ ತಿರುಗಿ, ಬೇಕೆಂದೇ ನಿಧಾನಕ್ಕೆ ಅಗಿದೆ. ಅವಳ ಮುಖ ಕೆಂಪಾಯಿತು. ಮೊಣಕೈಯಿಂದ ನನ್ನನ್ನು ತಿವಿದು ನಡುವೆ ನುಗ್ಗಿದಳು.

"ನಮ್ಮವ್ವ ಅದು!" ಎಂದು ಕೂಗಿ ಬಾಯಿ ತೆರೆದಳು.

ಚಿಕ್ಕವ್ವ ಅಳುತ್ತ ಉಣ್ಣಿಸಿದಳು. ಹಿತ್ತಿಲ ಬಾಗಿಲಲ್ಲಿ ಅವ್ವ ಬರಿ ಕೈಯಲ್ಲಿ ನಿಂತಿದ್ದಳು.

ಮರುದಿನ ಅವರು ಹೊರಟುಹೋದರು. ಮಧ್ಯಾಹ್ನ ನಾನು ಅನ್ನದ ಮುಂದೆ ಎರಡೂ ಕೈಯನ್ನು ತೊಡೆಯ ಮೇಲಿಟ್ಟು ಕೂತೆ. ಇನ್ನು ನನ್ನ ಸರದಿ. ಅವ್ವ ಬಂದು ಎದುರಿಗೇ ಕೂತಳು.

"ಆ ಕೂಸು ಉಂಡ್ತೋ ಇಲ್ವೋ," ಎಂದಳು ಅವ್ವ, ಪಕ್ಕದ ಖಾಲಿ ಜಾಗ ನೋಡುತ್ತ. ಆಮೇಲೆ, "ಉಣ್ಣೇ, ಆರ್ತೈತೆ," ಎಂದು ಎದ್ದುಹೋದಳು. ನಾನು ಉಂಡೆ.

ಈಗ ನನ್ನ ಮೊಮ್ಮಗನಿಗೆ ಅವನದೇ ತಟ್ಟೆ, ಅವನದೇ ಕುರ್ಚಿ. ಹಣ್ಣು, ಕಾಳು, ಮೊಟ್ಟೆ, ಯಾವುದಕ್ಕೂ ಕೊರತೆಯಿಲ್ಲ; ಸೊಸೆ ಒಳ್ಳೆಯವಳು, ಡಾಕ್ಟರು ಹೇಳಿದ್ದನ್ನೆಲ್ಲ ಮಾಡುತ್ತಾಳೆ. ಅವನು ಮಾತ್ರ ಅನ್ನವನ್ನು ಕೆನ್ನೆಯಲ್ಲಿಟ್ಟುಕೊಂಡು ಕೂರುತ್ತಾನೆ. ತಟ್ಟೆ ಎಳೆಯುವ ಇನ್ನೊಂದು ಕೈ ಮನೆಯಲ್ಲಿಲ್ಲ. ಹೊಟ್ಟೆಕಿಚ್ಚು ಪಡೋಣವೆಂದರೂ ಪಕ್ಕದಲ್ಲಿ ಒಂದು ಮಗುವಾದರೂ ಬೇಕಲ್ಲ. ಅಷ್ಟು ಸಂಕಟಪಟ್ಟ ನಾನೇ ಈಗ ಆ ಸಂಕಟ ಅವನಿಗೆ ಇಲ್ಲವಲ್ಲ ಎಂದು ಮರುಗುತ್ತೇನೆ.

ಅವ್ವ ತೀರಿಕೊಂಡಾಗ ನೀಲಿ ಸೊರಬದಿಂದ ಬಂದಿದ್ದಳು. ಅವಳದೂ ತಲೆ ನೆರೆತಿತ್ತು. ಎಲ್ಲ ಮುಗಿದ ಮೇಲೆ ನನ್ನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ದೊಡ್ಡವ್ವ ತುತ್ತು ಕೊಡ್ವಾಗ ಬೆರಳಿನಾಗೆ ಒಂಚೂರು ಮೆಂತ್ಯದ ಕಹಿ ಇರ್ತಿತ್ತು," ಎಂದಳು. "ನೆನಪದೆಯೇನೆ ಗಿರ್ಜಕ್ಕ?"

ಹೂಂ ಎಂದೆ. ಅವ್ವನ ಬೆರಳಿಗೆ ಮೆಂತ್ಯದ ಕಹಿಯಿತ್ತು ಎಂಬುದು ನನಗೆ ಗೊತ್ತಾದದ್ದೇ ಅವತ್ತು.